ಹವಾನಾ ಸಿಗಾರ್: ಎಲೆಗೆಷ್ಟು ಬೆಲೆ, ಹೆಸರಿಗೆಷ್ಟು?

1962ರ ಆರಂಭದ ಒಂದು ಸಂಜೆ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನೆಡಿ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಅವರನ್ನು ಕರೆಸಿಕೊಂಡು ಒಂದು ವಿಚಿತ್ರ ಕೆಲಸ ಒಪ್ಪಿಸಿದರು. ಮರುದಿನ ಬೆಳಗಾಗುವುದರೊಳಗೆ ಕ್ಯೂಬಾದ ‘ಪೆಟಿಟ್ ಅಪ್‌ಮನ್’ ಸಿಗಾರ್‌ಗಳು ಒಂದು ಸಾವಿರದಷ್ಟು ಬೇಕು! ಸ್ಯಾಲಿಂಜರ್ ವಾಷಿಂಗ್ಟನ್ನಿನ ಅಂಗಡಿ ಅಂಗಡಿ ಅಲೆದು 1,200 ಗಿಟ್ಟಿಸಿಕೊಂಡು ಬಂದರು. ಬೆಳಿಗ್ಗೆ ಲೆಕ್ಕ ಒಪ್ಪಿಸಿದಾಗ ಕೆನೆಡಿ ಮುಗುಳ್ನಕ್ಕು, ಮೇಜಿನ ಖಾನೆಯಿಂದ ಉದ್ದನೆಯ ಕಾಗದವೊಂದನ್ನು ತೆಗೆದು ಸಹಿ ಹಾಕಿದರು. ಕ್ಯೂಬಾದ ಸರಕುಗಳು ಅಮೆರಿಕಕ್ಕೆ ಬರದಂತೆ ತಡೆಯುವ ಆಜ್ಞೆ ಅದು. ಈ ಪ್ರಸಂಗವನ್ನು ಸ್ಯಾಲಿಂಜರ್ ಅವರೇ 30 ವರ್ಷಗಳ ನಂತರ, 1992ರಲ್ಲಿ, ಬರೆದು ಬಯಲು ಮಾಡಿದರು.

ಸಹಿ ಬೀಳುವ ಮುಂಚೆ ಆ ಸಿಗಾರ್‌ಗಳ ಒಳಗೆ ಏನಿತ್ತೋ ಸಹಿ ಬಿದ್ದ ಮೇಲೂ ಅದೇ ಇತ್ತು. ಎಲೆ ಬದಲಾಗಲಿಲ್ಲ, ರುಚಿ ಬದಲಾಗಲಿಲ್ಲ. ಆದರೆ ಅಮೆರಿಕದ ಸಿಗಾರ್ ಪ್ರಿಯರಿಗೆ ಅವು ಒಂದೇ ಗಳಿಗೆಯಲ್ಲಿ ಎಂದೂ ಸಿಗದ ವಸ್ತುಗಳಾಗಿಬಿಟ್ಟವು. ಇಂದು ಕ್ಯೂಬಾದ ‘ಕೊಹೀಬಾ ಬೆಹೀಕೆ’ ಎಂಬ ಸಿಗಾರ್ ಒಂದಕ್ಕೆ, ಪೆಟ್ಟಿಗೆಗಲ್ಲ, ಒಂದೇ ಒಂದಕ್ಕೆ, ಕೊಡುವ ಹಣದಲ್ಲಿ ನಮ್ಮ ಸಾಧಾರಣ ಸಂಸಾರವೊಂದು ತಿಂಗಳ ದಿನಸಿ ತರಬಹುದು. ಗಂಟೆ ಎರಡು ಗಂಟೆಯಲ್ಲಿ ಬೂದಿಯಾಗುವ ಎಲೆಯ ಸುರುಳಿಗೆ ಇಷ್ಟು ಬೆಲೆ ಹೇಗೆ ಬಂತು? ಅದರಲ್ಲಿ ಎಲೆಯ ಪಾಲೆಷ್ಟು, ಕೈಕೆಲಸದ ಪಾಲೆಷ್ಟು, ಹೆಸರಿನ ಪಾಲೆಷ್ಟು? ಸಿಗಾರ್ ಸೇದುವುದು ಒಳ್ಳೆಯದೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಎಂದೋ ಸಿಕ್ಕಿದೆ, ಮುಂದೆ ಬರುತ್ತದೆ. ರುಚಿಯನ್ನು ಅಳೆಯುವುದು ಹೇಗೆ, ಬೆಲೆಯನ್ನು ನಂಬುವುದು ಎಷ್ಟು ಎಂಬ ಪ್ರಶ್ನೆಗೆ ಮಾತ್ರ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬದನೆಯ ನೆಂಟ

ತಂಬಾಕು ಗಿಡ ನಮ್ಮ ಹಿತ್ತಿಲಿನ ಬದನೆ, ಟೊಮೇಟೊ, ಮೆಣಸಿನಕಾಯಿಗಳ ಕುಟುಂಬದ್ದು. ನಿಕೋಟಿನ್ ಎಂಬ ವಿಷವನ್ನು ಅದು ಬೇರಿನಲ್ಲಿ ತಯಾರಿಸಿ ಎಲೆಗೆ ಏರಿಸುತ್ತದೆ. ಎಲೆ ತಿನ್ನುವ ಹುಳುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಹೂಡಿದ ಉಪಾಯ ಅದು. ಆ ವಿಷವನ್ನೇ ಮನುಷ್ಯ ಹಣ ಕೊಟ್ಟು ಸೇದುತ್ತಾನೆ. 1492ರಲ್ಲಿ ಕೊಲಂಬಸನ ಜೊತೆ ಹೋದವರು ಕ್ಯೂಬಾದ ಮೂಲನಿವಾಸಿಗಳು ಎಲೆ ಸುತ್ತಿ ಹೊಗೆ ಎಳೆಯುವುದನ್ನು ಕಂಡು ಬೆರಗಾದರು. ಅಲ್ಲಿಂದ ಹೊರಟ ಅಭ್ಯಾಸ ಜಗತ್ತನ್ನೆಲ್ಲ ಸುತ್ತಿತು. (ಸಿಗಾರ್‌ಗೆ ಇಂಗ್ಲಿಷಿನಲ್ಲಿ ‘ಚೆರೂಟ್’ ಎಂಬ ಇನ್ನೊಂದು ಹೆಸರಿದೆಯಲ್ಲ, ಅದು ತಮಿಳಿನ ‘ಸುರುಟ್ಟು’ವಿನಿಂದ ಹೋದದ್ದು. ಕನ್ನಡದ ‘ಸುರುಟು’, ‘ಸುರುಳಿ’ ಅದರ ನೆಂಟರೇ.)

ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ‘ವುಯೆಲ್ಟಾ ಅಬಾಹೊ’ ಎಂಬ ಸೀಮೆ ಇದೆ. ಕೆಂಪು ಮರಳು ಮಿಶ್ರಿತ ಮಣ್ಣು, ಒಣ ಚಳಿಗಾಲ. ಅತ್ಯುತ್ತಮ ಸಿಗಾರ್ ಎಲೆ ಬೆಳೆಯುವುದು ಇಲ್ಲಿ. 2010ರಲ್ಲಿ ತೊಂಬತ್ತು ದಾಟಿ ತೀರಿಕೊಂಡ ಅಲೆಹಾಂದ್ರೊ ರೊಬೈನಾ ಎಂಬ ರೈತ ಇಲ್ಲಿಯವರು. ಇವರ ಹೊಲದ ಎಲೆಗೆ ಎಷ್ಟು ಮರ್ಯಾದೆ ಇತ್ತೆಂದರೆ, 1997ರಲ್ಲಿ ಕ್ಯೂಬಾ ಸರ್ಕಾರವೇ ಅವರ ಹೆಸರಿನಲ್ಲಿ ಒಂದು ಸಿಗಾರ್ ಹೊರತಂದಿತು.

ಒಂದೇ ಗಿಡದ ಎಲೆಗಳೆಲ್ಲ ಒಂದೇ ತರಹದವಲ್ಲ. ತುದಿಯ ಎಲೆಗೆ ಬಿಸಿಲು ಹೆಚ್ಚು, ಹಾಗಾಗಿ ಅದು ದಪ್ಪ, ಖಾರ, ನಿಕೋಟಿನ್ ಜಾಸ್ತಿ. ಇದು ‘ಲಿಗೇರೊ’. ನಡುವಿನದು ‘ಸೆಕೊ’, ಪರಿಮಳ ಬರುವುದು ಮುಖ್ಯವಾಗಿ ಇದರಿಂದ. ಬುಡದ್ದು ‘ವೊಲಾಡೊ’, ರುಚಿ ಕಡಿಮೆ, ಆದರೆ ಚೆನ್ನಾಗಿ ಉರಿಯುತ್ತದೆ. ಕೆಲವು ಗಿಡಗಳಲ್ಲಿ ಮಾತ್ರ ತೀರ ತುದಿಯಲ್ಲಿ ಒಂದೆರಡು ಪುಟ್ಟ ಎಲೆಗಳು ಬರುತ್ತವೆ. ಅವೇ ಬೆಹೀಕೆಗೆ ಹೋಗುವ ‘ಮೆದಿಯೊ ತಿಯೆಂಪೊ’. ಸಾರಿಗೆ ಬೇಳೆ, ಹುಳಿ, ಖಾರ ಹದ ಮಾಡುವಂತೆ ಇವನ್ನು ಅಳತೆಯಲ್ಲಿ ಸೇರಿಸುವುದೇ ಒಂದೊಂದು ಸಿಗಾರ್‌ನ ಗುಟ್ಟು. ಮೇಲೆ ಹೊದಿಸುವ ಎಲೆಯದು ಬೇರೆಯೇ ಬೇಸಾಯ. ಗಿಡದ ಮೇಲೆ ಬಿಳಿ ಮಸ್ಲಿನ್ ಬಟ್ಟೆಯ ಚಪ್ಪರ ಹಾಕಿ ನೆರಳಿನಲ್ಲಿ ಬೆಳೆಸುತ್ತಾರೆ. ಆಗ ಎಲೆ ತೆಳ್ಳಗೆ, ಅಗಲವಾಗಿ, ರೇಷ್ಮೆಯಂತೆ ನುಣುಪಾಗಿ ಬರುತ್ತದೆ.

ಹುಣಸೂರಿನ ಎಲೆಯೂ ಹವಾನಾದ ಎಲೆಯೂ

ಹುಣಸೂರು, ಪಿರಿಯಾಪಟ್ಟಣದ ಕಡೆಯ ಮಕ್ಕಳಿಗೆ ಇಲ್ಲಿ ಒಂದು ಅನುಮಾನ ಬರಬೇಕು. ನಮ್ಮಲ್ಲೂ ಒಳ್ಳೆಯ ತಂಬಾಕು ಬೆಳೆಯುತ್ತಾರಲ್ಲ, ಅದರಲ್ಲಿ ಸಿಗಾರ್ ಏಕೆ ಆಗುವುದಿಲ್ಲ?

ವ್ಯತ್ಯಾಸ ಇರುವುದು ಗಿಡದ ತಳಿಯಲ್ಲಿ ಒಂದಿಷ್ಟು, ಒಣಗಿಸುವ ರೀತಿಯಲ್ಲಿ ಬಹಳಷ್ಟು. ಮೈಸೂರು ಸೀಮೆಯ ವರ್ಜೀನಿಯಾ ಎಲೆಯನ್ನು ಬ್ಯಾರನ್‌ಗಳಲ್ಲಿ, ಕೊಳವೆಯ ಮೂಲಕ ಬಿಸಿ ಹಾಯಿಸಿ, ಐದಾರು ದಿನಗಳಲ್ಲಿ ಒಣಗಿಸುತ್ತಾರೆ. ಶಾಖಕ್ಕೆ ಎಲೆಯೊಳಗಿನ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಅಷ್ಟರಲ್ಲಿ ಪಿಷ್ಟ ಸಕ್ಕರೆಯಾಗಿರುತ್ತದೆ, ಆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಎಲೆ ನಿಂಬೆ ಹಳದಿ. ಸಿಗರೇಟಿಗೆ ಬೇಕಾದದ್ದು ಇದು. ಕ್ಯೂಬಾದಲ್ಲಿ ಹಾಗಲ್ಲ. ಎಲೆಗಳನ್ನು ಜೋಡಿಜೋಡಿಯಾಗಿ ಪೋಣಿಸಿ, ಮರದ ದೊಡ್ಡ ಕೊಟ್ಟಿಗೆಗಳಲ್ಲಿ ಗಳುವಿಗೆ ತೂಗುಹಾಕಿ, ಬರಿಯ ಗಾಳಿಗೆ ಸುಮಾರು ಐವತ್ತು ದಿನ ಬಿಡುತ್ತಾರೆ. ಎಲೆ ನಿಧಾನವಾಗಿ ಸಾಯುತ್ತದೆ ಎನ್ನಬೇಕು. ಸಾಯುವ ತನಕವೂ ಉಸಿರಾಡಿ ತನ್ನ ಸಕ್ಕರೆಯನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಹಸಿರು ಹಳದಿಯಾಗಿ, ಹಳದಿ ಕಂದಾಗುತ್ತದೆ.

ಆಮೇಲೆ ರಾಶಿ. ತೇವ ಕೊಟ್ಟ ಎಲೆಗಳನ್ನು ಒಟ್ಟಿ ಮುಚ್ಚಿಡುತ್ತಾರೆ. ಒದ್ದೆ ಹುಲ್ಲನ್ನು ಬಣವೆ ಒಟ್ಟಿದರೆ ಒಳಗೆ ಕಾವೇರುವುದನ್ನು ರೈತರ ಮಕ್ಕಳು ನೋಡಿರುತ್ತಾರೆ. ತಿಪ್ಪೆ ಕೆದಕಿದರೆ ಚಳಿಗಾಲದ ಬೆಳಿಗ್ಗೆ ಹಬೆ ಏಳುವುದೂ ಇದೇ ಕಾರಣಕ್ಕೆ. ಎಲೆಯ ರಾಶಿಯೂ ತಾನಾಗಿಯೇ ಬಿಸಿಯಾಗುತ್ತದೆ. ಮೊದಲ ರಾಶಿಯಲ್ಲಿ 35 ಡಿಗ್ರಿ ಸೆಲ್ಸಿಯಸ್, ಎರಡನೆಯದರಲ್ಲಿ 42 ಡಿಗ್ರಿ ದಾಟದಂತೆ ಕಾಯುತ್ತಾರೆ. ದಾಟುವಂತಾದರೆ ರಾಶಿ ಬಿಚ್ಚಿ ಆರಿಸುತ್ತಾರೆ. ಈ ಹುದುಗುವಿಕೆಯಲ್ಲಿ ಅಮೋನಿಯಾ ಮೂಗಿಗೆ ಬಡಿಯುವಷ್ಟು ಹೊರಬರುತ್ತದೆ. ಎಲೆಯ ಒಗರು, ಕಟುತನ ಇಳಿಯುತ್ತದೆ. ಎಲೆಯ ಹಳದಿ ಬಣ್ಣಕ್ಕೆ ಕಾರಣವಾದ ಕ್ಯಾರೊಟಿನಾಯ್ಡ್‌ಗಳು ಒಡೆದು ಪರಿಮಳದ ಅಣುಗಳಾಗುತ್ತವೆ. ಅವುಗಳಲ್ಲೊಂದಾದ ಡಮಾಸ್ಸೆನೋನ್ ಗುಲಾಬಿ ಎಣ್ಣೆಯಲ್ಲೂ ಇದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಕೊಹೀಬಾಕ್ಕೆ ಹೋಗುವ ಎಲೆಯ ಒಂದು ಭಾಗಕ್ಕೆ ಪೀಪಾಯಿಯಲ್ಲಿ ಮೂರನೆಯ ಹುದುಗುವಿಕೆಯೂ ಉಂಟು. ಹೊಲದಿಂದ ಸಿಗಾರ್ ತನಕ ಎಲೆ ಕ್ರಮಿಸುವ ದಾರಿ ವರ್ಷಗಳಷ್ಟು ಉದ್ದ. ಬೆಲೆಯ ನ್ಯಾಯವಾದ ಪಾಲು ಈ ಕಾಯುವಿಕೆಯಲ್ಲಿದೆ.

ಓದುಗನ ಕುರ್ಚಿ

ಹವಾನಾದ ಕಾರ್ಖಾನೆಗಳಲ್ಲಿ ಸಿಗಾರ್ ಸುತ್ತುವವರನ್ನು ‘ಟೊರ್ಸೆಡೋರ್’ ಎನ್ನುತ್ತಾರೆ. ಒಂದು ಹಲಗೆ, ‘ಚಾವೇಟಾ’ ಎಂಬ ಅರ್ಧಚಂದ್ರದಂಥ ಕತ್ತಿ, ಒಂದಿಷ್ಟು ಸಸ್ಯಜನ್ಯ ಅಂಟು, ಹತ್ತು ಬೆರಳು. ಇಷ್ಟೇ ಸಲಕರಣೆ. ಖಾರದ ಲಿಗೇರೊ ನಡುವೆ, ಸುತ್ತ ಉಳಿದ ಎಲೆಗಳು, ಅದರ ಮೇಲೆ ಬಿಗಿಯುವ ಎಲೆ, ಕೊನೆಗೆ ಹೊದಿಕೆ. ಎಲೆಗಳನ್ನು ಮಡಿಸುವಾಗ ಉದ್ದಕ್ಕೂ ಗಾಳಿಯ ದಾರಿ ಉಳಿಯಬೇಕು. ಒಂದು ಕಡೆ ಬಿಗಿಯಾದರೆ ಹೊಗೆ ಬರುವುದಿಲ್ಲ, ಸಡಿಲವಾದರೆ ಬಿಸಿಯಾಗಿ ಬೇಗ ಉರಿದುಹೋಗುತ್ತದೆ. ನುರಿತವರು ದಿನಕ್ಕೆ ನೂರರ ಆಸುಪಾಸು ಸುತ್ತುತ್ತಾರೆ.

ಈ ಬೇಸರದ ಕೆಲಸದ ನಡುವೆ ಒಂದು ಅಪೂರ್ವ ಪದ್ಧತಿ ಬೆಳೆಯಿತು. 1865ರಲ್ಲಿ ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಗಟ್ಟಿಯಾಗಿ ಓದಿ ಹೇಳುವ ಓದುಗನೊಬ್ಬನನ್ನು ಎತ್ತರದ ಪೀಠದ ಮೇಲೆ ಕೂರಿಸಿದರು. ಸಂಬಳ ಮಾಲೀಕನದಲ್ಲ, ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ಯಾವ ಪುಸ್ತಕ ಓದಬೇಕೆಂದೂ ಅವರೇ ತೀರ್ಮಾನಿಸುತ್ತಿದ್ದರು. ಪತ್ರಿಕೆ, ರಾಜಕೀಯ, ಕಾದಂಬರಿ ಎಲ್ಲವೂ ಆಗುತ್ತಿತ್ತು. ಓದು ಬಾರದವರೂ ಡ್ಯೂಮಾ, ಷೇಕ್ಸ್‌ಪಿಯರ್ ಬಲ್ಲವರಾದರು. ಕೆಲಸಗಾರರ ತಲೆ ಕೆಡುತ್ತದೆಂದು ಸ್ಪೇನಿನ ಆಡಳಿತ ಇದನ್ನು ನಿಷೇಧಿಸಿದ್ದೂ ಉಂಟು, ಪದ್ಧತಿ ಸಾಯಲಿಲ್ಲ. 1935ರಲ್ಲಿ ಹುಟ್ಟಿದ ‘ಮೊಂಟೆಕ್ರಿಸ್ಟೊ’ ಸಿಗಾರ್‌ಗೆ ಆ ಹೆಸರು ಬಂದದ್ದು ಡ್ಯೂಮಾನ ಕಾದಂಬರಿಯಿಂದ. 2012ರಲ್ಲಿ ಕ್ಯೂಬಾ ಈ ಓದುವಿಕೆಯನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಸಿಗಾರ್ ಜಗತ್ತಿಗೆ ಕೊಟ್ಟ ನಿಷ್ಕಳಂಕ ಲಾಭ ಯಾವುದಾದರೂ ಇದ್ದರೆ ಬಹುಶಃ ಇದೊಂದೇ.

ಪರೀಕ್ಷಕ ಏನು ನೋಡುತ್ತಾನೆ?

ನುರಿತ ಪರೀಕ್ಷಕ ಬೆಂಕಿ ಹಚ್ಚುವ ಮೊದಲೇ ಅರ್ಧ ಕೆಲಸ ಮುಗಿಸಿರುತ್ತಾನೆ. ಹೊದಿಕೆ ಎಲೆಯಲ್ಲಿ ತೆಳುವಾದ ಎಣ್ಣೆಯ ಹೊಳಪಿದೆಯೇ, ನರಗಳು ದಪ್ಪವಾಗಿ ಎದ್ದಿವೆಯೇ, ಬೆರಳಿನಿಂದ ಮೆಲ್ಲಗೆ ಒತ್ತುತ್ತ ಹೋದರೆ ಎಲ್ಲಾದರೂ ಕುಸಿಯುತ್ತದೆಯೇ ಅಥವಾ ಗಂಟು ಸಿಗುತ್ತದೆಯೇ ಎಂದು ನೋಡುತ್ತಾನೆ. ಸೂಜಿಮೊನೆಯಂಥ ತೂತುಗಳಿದ್ದರೆ ತಂಬಾಕು ಹುಳು ಹೊಕ್ಕಿದೆ ಎಂದರ್ಥ. ಸಿಗಾರ್ ಇಡುವ ಪೆಟ್ಟಿಗೆಯೊಳಗೆ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65ರಿಂದ 70 ಇರಬೇಕು. ಒಣಗಿದರೆ ಪರಿಮಳ ಹಾರಿಹೋಗುತ್ತದೆ, ತೇವ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ. (ಆ ಪೆಟ್ಟಿಗೆಯ ಮರವನ್ನು ‘ಸ್ಪ್ಯಾನಿಷ್ ಸೀಡರ್’ ಎನ್ನುತ್ತಾರೆ. ಅದು ಸೀಡರ್ ಅಲ್ಲವೇ ಅಲ್ಲ, ನಮ್ಮ ಬೇವಿನ ಕುಟುಂಬದ ಮರ.)

ಹೊತ್ತಿಸಿದ ಮೇಲೆ ನೋಡುವುದು ಎಳೆತ, ಉರಿ ಮತ್ತು ಬೂದಿ. ಬೆಂಕಿಯ ಉಂಗುರ ಸುತ್ತಲೂ ಸಮನಾಗಿ ಇಳಿಯಬೇಕು. ಕತ್ತರಿಸಿದ ಚೂರುಗಳ ಬದಲು ಇಡೀ ಎಲೆ ತುಂಬಿದ್ದರೆ ಬೂದಿ ಉದ್ದಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಉರಿಯ ಗುಣ ಮಣ್ಣಿನವರೆಗೂ ಹೋಗುತ್ತದೆ. ಎಲೆಯಲ್ಲಿ ಪೊಟ್ಯಾಸಿಯಂ ಇದ್ದರೆ ಚೆನ್ನಾಗಿ ಉರಿಯುತ್ತದೆ, ಕ್ಲೋರಿನ್ ಅಂಶ ಹೆಚ್ಚಿದ್ದರೆ ಆರಿ ಆರಿ ಹೋಗುತ್ತದೆ. ತಂಬಾಕಿಗೆ ಪೊಟ್ಯಾಷ್ ಕೊಡುವಾಗ ಕ್ಲೋರೈಡ್ ರೂಪದಲ್ಲಿ ಬೇಡ, ಸಲ್ಫೇಟ್ ರೂಪದಲ್ಲಿ ಕೊಡಿ ಎಂದು ನಮ್ಮ ರೈತರಿಗೂ ಹೇಳುವುದು ಇದಕ್ಕೇ.

ಇನ್ನು ರುಚಿ. ಪರೀಕ್ಷಕರ ಟಿಪ್ಪಣಿಗಳನ್ನು ಓದಿದರೆ ನಗು ಬರುತ್ತದೆ. ಚರ್ಮ, ಒದ್ದೆ ಮಣ್ಣು, ಕೋಕೊ, ಕಾಫಿ, ಕರಿಮೆಣಸು, ಜೇನು, ಒಣಹುಲ್ಲು! ಯಾರೂ ಇವನ್ನು ಸಿಗಾರ್‌ಗೆ ಬೆರೆಸಿಲ್ಲ. ಆದರೆ ಎಲ್ಲವೂ ಬುರುಡೆಯಲ್ಲ. ಕಾಫಿ ಬೀಜ ಹುರಿದಾಗ, ಕೋಕೊ ಹುರಿದಾಗ, ತಂಬಾಕು ಸುಟ್ಟಾಗ ಪೈರಜೀನ್‌ಗಳೆಂಬ ಒಂದೇ ಗುಂಪಿನ ಅಣುಗಳು ಹುಟ್ಟುತ್ತವೆ. ಮೂಗು ಅವನ್ನು ಗುರುತಿಸಿ, ತನಗೆ ಗೊತ್ತಿರುವ ಹೆಸರಿನಿಂದ ಕರೆಯುತ್ತದೆ.

ಮೂಗು ಎಂದದ್ದು ಬೇಕೆಂದೇ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸದ ಸಾರಿನಂಥ ‘ಉಮಾಮಿ’, ಇಷ್ಟೇ. ಮೂಗಿನಲ್ಲಾದರೆ ಸುಮಾರು 400 ಬಗೆಯ ಗ್ರಾಹಕಗಳಿವೆ. ಪರಿಶೀಲಿಸಲು ತಂಬಾಕು ಬೇಕಿಲ್ಲ. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಏಲಕ್ಕಿ ಕಾಳು ಅಗಿಯಿರಿ. ಏನೋ ಒಗರು, ಸ್ವಲ್ಪ ತಂಪು, ಅಷ್ಟೇ. ಮೂಗು ಬಿಡಿ; ಬಾಯಿಯ ಹಿಂಭಾಗದಿಂದ ಗಾಳಿ ಮೇಲೇರಿದೊಡನೆ ಏಲಕ್ಕಿ ಏಲಕ್ಕಿಯಾಗುತ್ತದೆ! ಸಿಗಾರ್ ಪರೀಕ್ಷಕರು ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲಿ ಹೊರಳಿಸಿ, ಸ್ವಲ್ಪವನ್ನು ಮೂಗಿನಿಂದ ಬಿಡುವುದು ಇದೇ ದಾರಿಯನ್ನು ಬಳಸಲಿಕ್ಕೆ.

ಉಂಗುರ ಕಳಚಿದಾಗ

ಸಿಗಾರ್‌ನ ಕೊರಳಿಗೆ ಬಣ್ಣದ ಕಾಗದದ ಉಂಗುರ ಇರುತ್ತದೆ. ಹೆಸರು ಇರುವುದು ಅದರಲ್ಲಿ. ಪರೀಕ್ಷಕನ ಶತ್ರುವೂ ಅದೇ.

2008ರಲ್ಲಿ ಅಮೆರಿಕದ ಹಿಲ್ಕೆ ಪ್ಲಾಸ್‌ಮನ್, ಆಂಟೊನಿಯೊ ರೇಂಜೆಲ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಸಿಗಾರ್‌ನದಲ್ಲ, ದ್ರಾಕ್ಷಾರಸದ್ದು. 20 ಮಂದಿಯನ್ನು ಒಬ್ಬೊಬ್ಬರಾಗಿ ಮೆದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಬೆಲೆ ಹೇಳಿ, ಕೊಳವೆಯ ಮೂಲಕ ಹನಿಹನಿ ಕುಡಿಸಿದರು. ಐದು ಬಗೆಯ ಪಾನೀಯ ಎಂದು ಹೇಳಿದ್ದರೂ ನಿಜಕ್ಕೂ ಇದ್ದದ್ದು ಮೂರೇ. 90 ಡಾಲರಿನದನ್ನು ಒಮ್ಮೆ 90 ಎಂದೂ ಇನ್ನೊಮ್ಮೆ 10 ಎಂದೂ ಕೊಟ್ಟರು. 5 ಡಾಲರಿನದನ್ನು ಒಮ್ಮೆ 5 ಎಂದೂ ಮತ್ತೊಮ್ಮೆ 45 ಎಂದೂ ಕೊಟ್ಟರು. ಬೆಲೆ ಹೆಚ್ಚು ಹೇಳಿದಾಗಲೆಲ್ಲ ಕುಡಿದವರಿಗೆ ರುಚಿ ಹೆಚ್ಚಾಯಿತು. ಅವರು ಸುಳ್ಳು ಹೇಳುತ್ತಿರಲಿಲ್ಲ; ಹಿತವನ್ನು ಅನುಭವಿಸುವ ಮೆದುಳಿನ ಭಾಗವೂ ಆಗ ಹೆಚ್ಚು ಚುರುಕಾಗಿತ್ತು. ಅಂದರೆ ಬೆಲೆಪಟ್ಟಿ ಕಣ್ಣನ್ನು ಮಾತ್ರ ಮರುಳು ಮಾಡುವುದಿಲ್ಲ, ರುಚಿಯೊಳಗೇ ಬೆರೆತುಬಿಡುತ್ತದೆ. ದುಬಾರಿ ಶೂ, ದುಬಾರಿ ಮೊಬೈಲು, ದುಬಾರಿ ಟ್ಯೂಷನ್ ವಿಷಯದಲ್ಲೂ ಈ ಪ್ರಯೋಗ ನೆನಪಿಟ್ಟುಕೊಳ್ಳತಕ್ಕದ್ದು.

ಹಾಗಾಗಿ ಉಂಗುರ ಕಳಚಲೇಬೇಕು. 1992ರಲ್ಲಿ ಆರಂಭವಾದ ‘ಸಿಗಾರ್ ಅಫಿಸಿಯೊನಾಡೊ’ ಎಂಬ ಅಮೆರಿಕದ ಪತ್ರಿಕೆ ಉಂಗುರ ತೆಗೆದು, ಬರಿಯ ಸಂಖ್ಯೆಯ ಬಿಳಿ ಕಾಗದ ಸುತ್ತಿ ಪರೀಕ್ಷಕರಿಗೆ ಕೊಡುತ್ತದೆ. ರೂಪ, ಉರಿ, ರುಚಿ, ಒಟ್ಟಾರೆ ಅಭಿಪ್ರಾಯ ಎಲ್ಲ ಸೇರಿ 100ಕ್ಕೆ ಅಂಕ. 2004ರಿಂದ ವರ್ಷದ ಅತ್ಯುತ್ತಮ ಸಿಗಾರ್ ಯಾವುದೆಂದೂ ಹೇಳುತ್ತಿದೆ. 2010ರಲ್ಲಿ ಕ್ಯೂಬಾದ ಬೆಹೀಕೆ, 2013ರಲ್ಲಿ ಮೊಂಟೆಕ್ರಿಸ್ಟೊ ಗೆದ್ದವು. ಆದರೆ ಹೆಚ್ಚಿನ ವರ್ಷಗಳಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ನಿಕರಾಗುವಾ ಅಥವಾ ಡೊಮಿನಿಕನ್ ಗಣರಾಜ್ಯದ ಸಿಗಾರ್‌ಗಳು, ಅದೂ ಹಲವು ಬಾರಿ ಕ್ಯೂಬಾದ್ದಕ್ಕಿಂತ ಬಹಳ ಕಡಿಮೆ ಬೆಲೆಯವು. ಹೆಸರು ಮುಚ್ಚಿದರೆ ಕ್ಯೂಬಾ ಒಳ್ಳೆಯ ವಿದ್ಯಾರ್ಥಿ. ತರಗತಿಗೆ ಒಬ್ಬನೇ ಬುದ್ಧಿವಂತ ಅಲ್ಲ.

ಈ ವಿಧಾನದ ಇನ್ನೂ ಬಿಗಿಯಾದ ರೂಪವನ್ನು ಮನೆಯಲ್ಲಿ ಕಾಫಿಯ ಮೇಲೆ ಪ್ರಯೋಗಿಸಬಹುದು. ಮೂರು ಲೋಟ, ಎರಡರಲ್ಲಿ ಒಂದು ಪುಡಿಯ ಕಾಫಿ, ಮೂರನೆಯದರಲ್ಲಿ ಇನ್ನೊಂದು ಪುಡಿಯದು. ಬೇರೆಯದು ಯಾವುದೆಂದು ಅಪ್ಪನೋ ಅಮ್ಮನೋ ಕಣ್ಣು ಮುಚ್ಚಿಕೊಂಡು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲದ ಗೆಲುವು ಗೆಲುವಲ್ಲ. ಸತತ ಆರು ಸಲ ಸರಿ ಹೇಳಿದರೆ ಅದು ಅದೃಷ್ಟದಿಂದ ಆಗುವ ಸಾಧ್ಯತೆ 729ರಲ್ಲಿ ಒಂದು. ಆಗ ಒಪ್ಪಬಹುದು. ‘ನಮ್ಮ ಮನೆ ಕಾಫಿ ಪುಡಿಯೇ ಬೇರೆ’ ಎಂಬ ಎಷ್ಟೋ ಹಿರಿಯರ ಹೆಮ್ಮೆ ಎರಡನೆಯ ಸುತ್ತಿನಲ್ಲೇ ಕರಗೀತು!

ಒಂದೇ ಎಲೆ, ಎರಡು ಪಟ್ಟು ಬೆಲೆ

1959ರಲ್ಲಿ ಫಿಡೆಲ್ ಕಾಸ್ಟ್ರೊ ಅಧಿಕಾರಕ್ಕೆ ಬಂದು, 1960ರಲ್ಲಿ ಸಿಗಾರ್ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಹಳೆಯ ಮಾಲೀಕರು ದೇಶ ಬಿಟ್ಟರು. ಅವರ ಜೊತೆ ಅನುಭವ ಹೋಯಿತು, ಕ್ಯೂಬಾದ ತಳಿಯ ಬೀಜಗಳೂ ಹೊರಗೆ ಹರಡಿದವು, ಹೆಸರುಗಳೂ ಹೋದವು. ಹೀಗಾಗಿ ಇಂದು ಪಾರ್ತಗಾಸ್, ಮೊಂಟೆಕ್ರಿಸ್ಟೊ ಎಂಬ ಹೆಸರಿನಲ್ಲಿ ಎರಡೆರಡು ಸಿಗಾರ್‌ಗಳಿವೆ. ಒಂದು ಹವಾನಾದ್ದು, ಇನ್ನೊಂದು ಅಮೆರಿಕದ ಮಾರುಕಟ್ಟೆಗೆಂದು ಬೇರೆ ಕಡೆ ತಯಾರಾದದ್ದು. ಅಮೆರಿಕದ ಪ್ರವಾಸಿಗಳು ಸ್ವಂತಕ್ಕೆ ಕ್ಯೂಬಾ ಸಿಗಾರ್ ತರಲು 2015ರಲ್ಲಿ ಸಿಕ್ಕಿದ್ದ ಅವಕಾಶವನ್ನೂ 2020ರಲ್ಲಿ ಕಿತ್ತುಕೊಂಡರು. ನಿಷಿದ್ಧ ಹಣ್ಣಿನ ರುಚಿ ಎಂದರೆ ಇದೇ. ಕದ್ದ ಮಾವಿನಕಾಯಿ ಹುಳಿಯಾಗಿದ್ದರೂ ಸಿಹಿ ಎಂಬುದು ಶಾಲೆಯ ಮಕ್ಕಳಿಗೆ ಗೊತ್ತಿಲ್ಲದ್ದೇನಲ್ಲ.

ಹೆಸರು ದೊಡ್ಡದಾದಾಗ ಗುಣ ಕುಸಿದದ್ದೂ ಇದೆ. 1990ರ ದಶಕದಲ್ಲಿ ಸಿಗಾರ್ ಗೀಳು ಜೋರಾಗಿ, ಕ್ಯೂಬಾ ಅವಸರದಲ್ಲಿ ತಯಾರಿಕೆ ಹೆಚ್ಚಿಸಿತು. ಹೊಸಬರನ್ನು ಕೂರಿಸಿ ಸುತ್ತಿಸಿತು. ದಶಕದ ಕೊನೆಯಲ್ಲಿ ದುಬಾರಿ ಪೆಟ್ಟಿಗೆ ತೆರೆದರೆ ಹೊಗೆಯೇ ಬಾರದ ಸಿಗಾರ್‌ಗಳು ಸಿಗತೊಡಗಿದವು. ಆಮೇಲೆ ಕಾರ್ಖಾನೆಗಳಲ್ಲಿ ಗಾಳಿಯ ಎಳೆತ ಅಳೆಯುವ ಯಂತ್ರಗಳು ಬಂದವು. ಇದಕ್ಕೂ ಮುಂಚೆ, 1989ರಲ್ಲಿ, ಪ್ರಸಿದ್ಧ ವ್ಯಾಪಾರಿ ಜೀನೊ ಡೇವಿಡಾಫ್ ಗುಣ ಸಾಲದೆಂದು ತಮ್ಮದೇ ಹೆಸರಿನ ಕ್ಯೂಬಾ ಸಿಗಾರ್‌ಗಳನ್ನು ರಾಶಿ ಹಾಕಿ ಸುಟ್ಟು, ತಯಾರಿಕೆಯನ್ನು ಡೊಮಿನಿಕನ್ ಗಣರಾಜ್ಯಕ್ಕೆ ಒಯ್ದಿದ್ದರು. ಸಿಗಾರ್ ಸುಡುವುದು ಹೊಸದಲ್ಲ, ಒಟ್ಟಿಗೆ ಸುಟ್ಟದ್ದು ಹೊಸದು.

ಬೆಲೆಯ ಗುಟ್ಟು ಎಲ್ಲಕ್ಕಿಂತ ಚೆನ್ನಾಗಿ ಬಯಲಾದದ್ದು 2022ರಲ್ಲಿ. ಕ್ಯೂಬಾದ ಸಿಗಾರ್‌ಗಳನ್ನು ಜಗತ್ತಿಗೆಲ್ಲ ಮಾರುವುದು ‘ಹಬಾನೋಸ್’ ಎಂಬ ಒಂದೇ ಸಂಸ್ಥೆ. ಅದು ಕೊಹೀಬಾ ಮತ್ತು ಟ್ರಿನಿಡಾಡ್ ಸಿಗಾರ್‌ಗಳಿಗೆ, ದುಬಾರಿಯಾದ ಹಾಂಗ್‌ಕಾಂಗ್ ಬೆಲೆಯನ್ನೇ ಎಲ್ಲ ದೇಶಗಳಿಗೂ ಮಾದರಿಯಾಗಿ ಹಿಡಿಯಿತು. ಎಷ್ಟೋ ದೇಶಗಳಲ್ಲಿ ಬೆಲೆ ಒಮ್ಮೆಲೇ ಎರಡು ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚು ಏರಿತು. ನಿನ್ನೆ ಅಂಗಡಿಯಲ್ಲಿದ್ದ ಅದೇ ಸಿಗಾರ್, ಅದೇ ಎಲೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಇಯಾನ್’ ಚಂಡಮಾರುತ ಪಿನಾರ್ ದೆಲ್ ರಿಯೊವನ್ನು ಹೊಡೆದು ಎಲೆ ಒಣಗಿಸುವ ಸಾವಿರಾರು ಕೊಟ್ಟಿಗೆಗಳನ್ನು ನೆಲಕ್ಕೆ ಕೆಡವಿತು. ಸರಕು ಇನ್ನಷ್ಟು ವಿರಳವಾಯಿತು. ಮಾರಾಟ ಕುಸಿಯಿತೇ? ಇಲ್ಲ. 2024ರಲ್ಲಿ ಹಬಾನೋಸ್ ವಹಿವಾಟು 82.7 ಕೋಟಿ ಡಾಲರ್ ಮುಟ್ಟಿತು. ಅಷ್ಟರಲ್ಲಿ ಹಲಗೆಯ ಮುಂದೆ ಕೂತ ಟೊರ್ಸೆಡೋರ್‌ನ ಕೂಲಿ ಪೆಸೊಗಳಲ್ಲೇ ಇತ್ತು. ಎಲೆ ಬೆಳೆದ ರೈತ ಬೆಳೆಯ ಬಹುಪಾಲನ್ನು ಸರ್ಕಾರ ಹೇಳಿದ ಬೆಲೆಗೇ ಕೊಡಬೇಕಿತ್ತು. ಉಂಗುರದ ಬೆಲೆ ಎಷ್ಟೇ ಏರಿದರೂ ಬೆರಳಿಗೆ ಬರುವುದು ಸ್ವಲ್ಪವೇ.

ಬೆಲೆ ಇದ್ದಲ್ಲಿ ನಕಲಿಯೂ ಉಂಟು. ಕ್ಯೂಬಾ 1912ರಿಂದಲೇ ಪೆಟ್ಟಿಗೆಗೆ ಹಸಿರು ಖಾತರಿ ಚೀಟಿ ಅಂಟಿಸುತ್ತಿದೆ. ಈಗ ಅದರಲ್ಲಿ ಹೊಲೊಗ್ರಾಮ್, ಸಂಕೇತ ಪಟ್ಟಿಗಳೂ ಇವೆ. ಹವಾನಾದ ಬೀದಿಗಳಲ್ಲಿ ‘ಕಾರ್ಖಾನೆಯಿಂದ ನೇರ ತಂದದ್ದು’ ಎಂದು ಅರ್ಧ ಬೆಲೆಗೆ ಕೊಹೀಬಾ ಮಾರುವವರಿಗೆ ಇನ್ನೂ ಬರವಿಲ್ಲ. ಉಂಗುರ ಅಚ್ಚುಕಟ್ಟಾಗಿದ್ದರೆ ಸಾಕು, ಕೊಂಡವರು ಊರಿಗೆ ಹೋಗಿ ಚಪ್ಪರಿಸಿ ಸೇದುತ್ತಾರೆ. ಪ್ಲಾಸ್‌ಮನ್ ಪ್ರಯೋಗ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಮೈ ತೆರುವ ಬೆಲೆ

ಸಿಗಾರ್ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎನ್ನುವವರಿದ್ದಾರೆ. ಈ ಮಾತನ್ನು ಹತ್ತನೆಯ ತರಗತಿಯ ಆಮ್ಲ–ಪ್ರತ್ಯಾಮ್ಲ ಪಾಠವೇ ಸುಳ್ಳಾಗಿಸುತ್ತದೆ. ಸಕ್ಕರೆ ಉಳಿದಿರುವ ವರ್ಜೀನಿಯಾ ಎಲೆಯ ಹೊಗೆ ಆಮ್ಲೀಯ, ಪಿಎಚ್ ಸುಮಾರು 6. ಅಲ್ಲಿ ನಿಕೋಟಿನ್ ಬಹುತೇಕ ಲವಣ ರೂಪದಲ್ಲಿದ್ದು ಬಾಯಿಯ ಪೊರೆ ದಾಟಲಾರದು. ಅದಕ್ಕೇ ಸಿಗರೇಟು ಸೇದುವವನು ಶ್ವಾಸಕೋಶಕ್ಕೆ ಎಳೆಯುತ್ತಾನೆ. ಸಕ್ಕರೆ ಕಳೆದುಕೊಂಡ ಸಿಗಾರ್ ಎಲೆಯ ಹೊಗೆ ಪ್ರತ್ಯಾಮ್ಲೀಯ. ಪಿಎಚ್ 8ರ ಸುಮಾರಿಗೆ ನಿಕೋಟಿನ್‌ನ ಅರ್ಧದಷ್ಟು ಸ್ವತಂತ್ರ ರೂಪಕ್ಕೆ ತಿರುಗಿ, ಬಾಯಿಯ ತೆಳು ಪೊರೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ಎದೆಗೆ ಎಳೆಯುವ ಅಗತ್ಯವೇ ಇಲ್ಲ! ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಲ್ಲದು. ಪರಿಮಳ ಕೊಟ್ಟ ಅದೇ ಹುದುಗುವಿಕೆಯಲ್ಲಿ ಕ್ಯಾನ್ಸರ್ ತರುವ ನೈಟ್ರೊಸಮೀನ್‌ಗಳೂ ಹುಟ್ಟಿರುತ್ತವೆ. ಸಿಗಾರ್ ಚಟ ಹಚ್ಚಿಕೊಂಡಿದ್ದ ಅಮೆರಿಕದ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ 1885ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ಸತ್ತರು. ಮನಶ್ಶಾಸ್ತ್ರಜ್ಞ ಫ್ರಾಯ್ಡ್ 1923ರಿಂದ 1939ರಲ್ಲಿ ಸಾಯುವ ತನಕ ಬಾಯಿಯ ಕ್ಯಾನ್ಸರಿಗೆ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಸಿಗಾರ್ ಬಿಡಲಾಗಲಿಲ್ಲ. ಮನಸ್ಸಿನ ಮೂಲೆಮೂಲೆ ಹುಡುಕಿದವರ ಪಾಡು ಇದು.

ಸೇದದವರಿಗೂ ಬಿಡುಗಡೆ ಇಲ್ಲ. ಇಬ್ಬನಿಗೆ ಒದ್ದೆಯಾದ ಎಲೆ ಕೀಳುವ ಕೂಲಿಗಳ ಚರ್ಮದಿಂದಲೇ ನಿಕೋಟಿನ್ ಒಳಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಇದು ಕ್ಯೂಬಾದ ಹೊಲದಲ್ಲೂ ಅಷ್ಟೇ, ಪಿರಿಯಾಪಟ್ಟಣದ ಹೊಲದಲ್ಲೂ ಅಷ್ಟೇ. ಕರ್ನಾಟಕದಲ್ಲಿ 2025ರ ತಿದ್ದುಪಡಿಯ ಪ್ರಕಾರ 21 ವರ್ಷ ತುಂಬದವರಿಗೆ ತಂಬಾಕಿನ ಯಾವ ಉತ್ಪನ್ನವನ್ನೂ ಮಾರುವಂತಿಲ್ಲ.

ಕ್ಯೂಬಾದ ಸಿಗಾರ್‌ಗೆ ನಡೆದಾಡುವ ಜಾಹೀರಾತಿನಂತಿದ್ದ ಕಾಸ್ಟ್ರೊ ಅವರೇ, ದೇಶದಲ್ಲಿ ಧೂಮಪಾನದ ವಿರುದ್ಧ ಪ್ರಚಾರ ನಡೆಸಲೆಂದು, 1985ರಲ್ಲಿ ಸೇದುವುದನ್ನು ಬಿಟ್ಟರು. ಹೊರದೇಶಗಳಿಗೆ ಮಾರುವುದನ್ನು ಮಾತ್ರ ಅವರ ಸರ್ಕಾರ ಬಿಡಲಿಲ್ಲ. ಹವಾನಾದ ಸಿಗಾರ್ ಉತ್ಸವದ ಕೊನೆಯ ರಾತ್ರಿ ಸಿಗಾರ್ ತುಂಬಿದ ಅಲಂಕಾರದ ಪೆಟ್ಟಿಗೆಗಳನ್ನು ಹರಾಜು ಹಾಕುವ ಪದ್ಧತಿ ಇದೆ. 2024ರಲ್ಲಿ ಕೊಹೀಬಾದ ಒಂದೇ ಪೆಟ್ಟಿಗೆ ಸುಮಾರು 44 ಲಕ್ಷ ಯೂರೊಗಳಿಗೆ ಹೋಯಿತು. ಆ ರಾತ್ರಿಯ ಒಟ್ಟು ಸಂಗ್ರಹ 1.76 ಕೋಟಿ ಯೂರೊ. ಆ ಹಣವನ್ನು ಕ್ಯೂಬಾದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಕೊಡಲಾಯಿತು.